ತಿರುವಿನ ನಡುವೆ ಕೂಗಿದ್ದು

ಬಸವಲಿಂಗ ನನ್ನ ಮುಂದಿಟ್ಟ ಹಾಳೆಯಲ್ಲಿ ಸುಳ್ಳು ಒಂದೂ ಇರಲಿಲ್ಲ. ‘ತಿರುವಿನ ನಡುವೆ ಚಾಲಕನು ಏಕಾಏಕಿ ವೇಗವನ್ನು ಪೂರ್ತಿ ತಗ್ಗಿಸಿದ್ದರಿಂದ ಬೋಟು ಸುತ್ತಿ, ಪ್ರಯಾಣಿಕರೊಬ್ಬರು ನೀರಿಗೆ ಬಿದ್ದು ಗಾಯಗೊಂಡರು.’ ಕೆಳಗೆ ಚಾಲಕ ಸೂರಜನ ಸಹಿ ಆಗಲೇ ಇತ್ತು. ಪಕ್ಕದಲ್ಲಿ ‘ಸಾಕ್ಷಿ’ ಎಂದು ಬರೆದು ಜಾಗ ಬಿಟ್ಟಿದ್ದರು.

“ಇಲ್ಲೊಂದು ಸಹಿ ಹಾಕ್ರಿ ಯಶೋಧರಾ ಮೇಡಮ್ಮಾರ, ಮುಗೀತು. ನಾಳಿಂದ ಅವನ್ನ ಕೆಲಸಾ ಬಿಡಸ್ತೀನಿ,” ಅಂದರು. ಹಿಡಕಲ್ ಹಿನ್ನೀರಿನ ದಂಡೆಯ ಮೇಲೆ ಅವರದು ಎರಡೇ ಬೋಟಿನ ಸಣ್ಣ ಕ್ಲಬ್ಬು.

“ಇದರಾಗ ಒಂದು ಮಾತು ಬಿಟ್ಟೈತ್ರಿ. ಸೂರಜನ ಜೋಡಿ ಮಾತಾಡಿ ಬರ್ತೀನಿ,” ಎಂದು ಪೆನ್ನು ಕೆಳಗಿಟ್ಟೆ.

ಎಂಟು ದಿನಗಳ ಹಿಂದಿನ ಭಾನುವಾರ ನಾನು, ಗೌರಕ್ಕ ಗೋಕಾಕದಿಂದ ಇಲ್ಲಿಗೆ ಬಂದಿದ್ದೆವು. ಅಲ್ಲಿಯ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಗೌರಕ್ಕ ಹದಿನೆಂಟು ವರ್ಷಗಳಿಂದ ನನ್ನ ಪ್ರಯೋಗಾಲಯದ ಸಹಾಯಕಿ. ಕುಲಗೋಡದ ಸೂರಜ ನಮ್ಮ ಹಳೆಯ ವಿದ್ಯಾರ್ಥಿ. ಹೋದ ವರ್ಷ ಬೋಟಿನ ಪರವಾನಗಿ ಬಂದಾಗ ಅದರ ಫೋಟೊ ತೆಗೆದು ನನಗೆ ಕಳಿಸಿದ್ದ. ಅಂದಿನಿಂದ “ಒಮ್ಮೆರ ಬಂದು ಕುಂದರ್ರಿ” ಎಂದು ಕರೆಯುತ್ತಲೇ ಇದ್ದ.

ನಮ್ಮಿಬ್ಬರ ಲೈಫ್ ಜಾಕೆಟ್‌ಗಳನ್ನು ಅವನೇ ಎಳೆದು ಬಿಗಿದ. ತಾನು ಬಿದ್ದರೆ ಎಂಜಿನ್ ತಾನಾಗಿ ಆರುವಂತೆ ಕೆಂಪು ಹಗ್ಗವೊಂದನ್ನು ತನ್ನ ಜಾಕೆಟ್ಟಿಗೆ ಸಿಕ್ಕಿಸಿಕೊಂಡ.

“ಇದು ಟ್ರ್ಯಾಕ್ಟರ್ ಅಲ್ರಿ. ಟ್ರ್ಯಾಕ್ಟರ್ ಮುಂದಿನ ಗಾಲಿಲೆ ತಿರುಗತೈತಿ. ಇದರ ಹಿಂದಿನ ಭಾಗ ಹೊರಗ ಜಾರತೈತಿ. ಅದಕ್ಕ ಸ್ಪೀಡ್ ಇಳಸೂದು ತಿರುವಿಗಿಂತ ಮೊದಲ. ತಿರುಗಾಕ ಹತ್ತಿದ ಮ್ಯಾಲ ಲಿವರ್ ಅಲುಗಸಬಾರದು.”

“ಫಿಜಿಕ್ಸ್‌ನ್ಯಾಗ ಎರಡು ಸಲ ಡುಮ್ಕಿ ಹೊಡದಾಂವ ಕಲಿಸಿದ ಬಾಯಾರಿಗೇ ಪಾಠ ಹೇಳಾಕತ್ತಾನ,” ಅಂದಳು ಗೌರಕ್ಕ.

“ಮೂರು ಸಲ್ರಿ ಅಕ್ಕಾರ. ಕಡಿಮಿ ಮಾಡಬ್ಯಾಡ್ರಿ.”

ನಾನೂ ನಕ್ಕೆ. ಅವನು ಹೇಳಿದ್ದು ಸರಿಯಾಗಿತ್ತು. ವೇಗದಲ್ಲಿರುವಾಗ ಇಂಥ ಬೋಟಿನ ಮೂತಿ ನೀರಿನಿಂದ ಮೇಲೆದ್ದಿರುತ್ತದೆ. ಎಂಜಿನ್ ಒಂದೇ ಸಮ ತಳ್ಳುತ್ತಿರುವಷ್ಟು ಹೊತ್ತು ಹಿಂಭಾಗ ಹಿಡಿತದಲ್ಲಿರುತ್ತದೆ. ನಡುವೆ ತಳ್ಳುವುದು ನಿಂತರೆ ಮೂತಿ ಕುಸಿದು ನೀರಿನಲ್ಲಿ ಊರುತ್ತದೆ, ಹಿಂಭಾಗ ಹಳೆಯ ವೇಗದಲ್ಲೇ ಸುತ್ತಿ ಬರುತ್ತದೆ. ಕಪ್ಪುಹಲಗೆಯ ಮೇಲಾದರೆ ಇದನ್ನು ನಾನೇ ಬಿಡಿಸಿ ತೋರಿಸುತ್ತಿದ್ದೆ.

ಎರಡು ಸುತ್ತು ಚೆನ್ನಾಗಿಯೇ ಆದವು. ಮೂರನೆಯದರಲ್ಲಿ ಸೂರಜ ಸುತ್ತಲೂ ನೋಡಿ, “ಗಟ್ಟಿ ಹಿಡ್ಕೋರಿ” ಅಂದ. ವೇಗ ಇಳಿಸಿದ, ಮೂತಿ ಸ್ವಲ್ಪ ತಗ್ಗುವಂತೆ ಹಿಂದಿನ ಎಂಜಿನ್ನನ್ನು ಒಳಕ್ಕೆ ಓರೆ ಮಾಡಿದ, ಆಮೇಲೆ ಎಡಕ್ಕೆ ತಿರುಗಿಸಿದ. ಬೋಟು ತಿರುವಿನ ಒಳಮಗ್ಗುಲಿಗೆ ವಾಲಿತು. ವಾಲಬೇಕಾದದ್ದೇ. ಆದರೆ ಅವನ ಎಡಕ್ಕೆ ಕುಳಿತಿದ್ದ ನನಗೆ ನೀರು ಮೊಣಕೈವರೆಗೆ ಎದ್ದು ಬಂದಂತೆ ಕಂಡಿತು.

“ಸೂರಜ, ಬಂದ್ ಮಾಡು,” ಎಂದು ಕೂಗಿದೆ.

ಪ್ರಯೋಗಾಲಯದಲ್ಲಿ ಕೂಗುವ ದನಿ ಅದು. ಬಹಳ ಹಿಂದೆ ಒಬ್ಬ ಹುಡುಗನಿಗೆ ಶಾಕ್ ಹೊಡೆದಿತ್ತು. ಆಗ ಮಾಡಿದ ನಿಯಮ: ನಾನು ‘ಬಂದ್ ಮಾಡು’ ಅಂದರೆ ಮೊದಲು ಬಂದ್ ಮಾಡಬೇಕು, ಯಾಕೆಂದು ಆಮೇಲೆ ಕೇಳಬೇಕು. ತಡ ಮಾಡಿದವರನ್ನು ಇಡೀ ದಿನ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಸೂರಜ ಎರಡು ಸಲ ನಿಂತಿದ್ದ. ಮತ್ತೆ ನಿಲ್ಲುವ ಪ್ರಸಂಗ ಬರಲಿಲ್ಲ.

ಅವನು ಲಿವರನ್ನು ಪೂರ್ತಿ ಹಿಂದಕ್ಕೆಳೆದ. ಬೋಟು ನಿಂತಲ್ಲೇ ಸುತ್ತಿತು. ಹಿಂದೆ ಕುಳಿತಿದ್ದ ಗೌರಕ್ಕನ ಬಲಭುಜ ಕಂಬಿಗೆ ಬಡಿದು, ಅವಳು ನೀರಿಗೆ ಬಿದ್ದಳು. ಜಾಕೆಟ್ ತೇಲಿಸಿತ್ತು, ಸೂರಜ ಎಂಜಿನ್ ಆರಿಸಿ, ಹಾರಿ, ಹಿಡಿದು ತಂದ. ಭುಜದ ಎಲುಬು ಮುರಿದಿತ್ತು.

ಗಾಳಿ ಮತ್ತು ಎಂಜಿನ್ನಿನ ಸದ್ದಿಗೆ ನನ್ನ ಮಾತು ಅವಳಿಗೆ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಅವಳ ಮಗಳು ಏನಾಯಿತೆಂದು ಕೇಳಿದಾಗ ನಾನು, “ನಡುವ ಒಮ್ಮೆಲೆ ಸ್ಪೀಡ್ ಇಳಿಸಿಬಿಟ್ಟ,” ಅಂದೆ. ಸೂರಜ ಅಲ್ಲೇ ಒದ್ದೆ ಬಟ್ಟೆಯಲ್ಲಿ ನಿಂತಿದ್ದ. ಅವನು ನನ್ನ ಕಡೆ ನೋಡಲಿಲ್ಲ.

ಈಗ ದಂಡೆಯಲ್ಲಿ ಅವನು ಬೋಟಿನ ಹಗ್ಗ ಸುತ್ತಿಡುತ್ತಿದ್ದ.

“ನಾ ಕೂಗಿದ್ದು ಯಾಕ ಬರೀಲಿಲ್ಲ?”

“ಬರದ್ರ ಏನಾಗತೈತ್ರಿ? ಸ್ಟೇರಿಂಗ್ ನನ್ನ ಕೈಯಾಗಿತ್ತು. ದಿನಾ ಮಂದಿ ಕೂಗತಾರ. ನಿಲ್ಲಸೋ ಅಂತಾರ, ಯವ್ವಾ ಅಂತಾರ, ಒಬ್ಬಾಕಿ ಅಂತೂ ನನ್ನ ಅಂಗಿ ಹರದಾಳ. ಇಲ್ಲೀತನ ಯಾರ ಮಾತೂ ಕೇಳಿಲ್ಲ.”

“ಮತ್ತ ನಂದು?”

“ನಿಮ್ಮ ಮಾತು ನನ್ನ ಕೈಯೇ ಕೇಳ್ತರಿ. ನನ್ನ ಕೇಳಲಿಲ್ಲ ಅದು.” ಹಗ್ಗವನ್ನು ಗೂಟಕ್ಕೆ ಹಾಕಿದ. “ಹೋಗ್ಲಿ ಬಿಡ್ರಿ ಮೇಡಮ್ಮಾರ. ಸಂಕೇಶ್ವರಕ್ಕ ಕಬ್ಬಿನ ಟ್ರ್ಯಾಕ್ಟರ್ ಹೊಡೀತೀನಿ.”

ಬೋಟು ಬಿಟ್ಟು ಬೇರೆ ಕೆಲಸ ಅವನಿಗೆ ಬೇಡವಾಗಿತ್ತು ಎಂದು ನನಗೆ ಗೊತ್ತಿತ್ತು.

ಒಳಗೆ ಹೋಗಿ ಬೇರೆ ಹಾಳೆಯಲ್ಲಿ ಎಲ್ಲವನ್ನೂ ಬರೆದೆ: ಅವನು ಸರಿಯಾದ ಕ್ರಮದಲ್ಲೇ ತಿರುಗಿಸಿದ್ದು, ನಾನು ಕೂಗಿದ ಮಾತು, ಆಸ್ಪತ್ರೆಯಲ್ಲಿ ನಾನು ಹೇಳಿದ್ದು. ಬಸವಲಿಂಗ ಎರಡು ಸಲ ಓದಿದರು.

“ಪ್ಯಾಸೆಂಜರ್ ಹೇಳಿದ್ದು ಕೇಳೂದೂ ಡ್ರೈವರಂದು ತಪ್ಪರಿ.”

“ಹೌದ್ರಿ. ಅದನ್ನೂ ಬರದೀನಿ, ಕೆಳಗ ನೋಡ್ರಿ.”

ಅವರು ಹಣೆ ಉಜ್ಜಿಕೊಂಡರು. “ಅವನ್ನ ಕೆಲಸಾ ಬಿಡಸ್ರಿ ಅಂದಾಕಿ ಗೌರಕ್ಕ. ಆಕಿ ಹೂಂ ಅಂದ್ರ ಮತ್ತೊಮ್ಮೆ ಟೆಸ್ಟ್ ತಗೊಂಡು ಇಟ್ಕೋತೀನಿ. ಇಲ್ಲಂದ್ರ ಇಲ್ಲ.”

ಮಮದಾಪುರದ ಮನೆಯಲ್ಲಿ ಗೌರಕ್ಕ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದಳು.

“ಬರ್ರಿ ಬಾಯಾರ. ಆ ಭಾಡ್ಯಾ ಸೂರಜ ಇವತ್ತ ಮುಂಜಾನೇನೂ ಬಂದಿದ್ದ. ಹೊಸ್ತಲದಿಂದ ಹೊಳ್ಳಿ ಕಳಿಸಿದೆ.”

ಕುಳಿತು ಎಲ್ಲವನ್ನೂ ಹೇಳಿದೆ. ಅವಳು ಇನ್ನೂ ನಾಲ್ಕು ಕಾಯಿ ಸುಲಿದಳು.

“ಎಂಟು ದಿನ ನಾ ಅವನ್ನ ಬೈಯೂದ ಕೇಳ್ಕೋತ ಕುಂತ್ರಿ,” ಅಂದಳು. “ತಲಿ ಬ್ಯಾರೆ ಅಲ್ಲಾಡಿಸಿದ್ರಿ.”

“ಹೂಂ.”

“ಭುಜದ್ದು ಹೋಗ್ಲಿ. ಅಂಜಿದಾಗ ಯಾರರ ಕೂಗತಾರ. ಇದು ಅಂಜಿ ಮಾಡಿದ್ದಲ್ಲ.”

ಇದೂ ಅಂಜಿಕೆಯೇ ಎಂದು ಹೇಳಬೇಕೆನಿಸಿತು.

“ಫೋನ್ ಹಚ್ರಿ ಅವಗ.”

ಹಚ್ಚಿ ಕೊಟ್ಟು ಹೊರಗೆ ಹೋಗಲು ಎದ್ದೆ.

“ಎಲ್ಲಿಗ್ರಿ? ಕುಂದರ್ರಿ.” ಆಮೇಲೆ ಫೋನಿಗೆ, “ಸೂರಜಾ, ನಾ ಗೌರಕ್ಕ. ಬಸವಲಿಂಗಣ್ಣಗ ನಾ ಹೂಂ ಅಂದೀನಂತ ಹೇಳು. ಟೆಸ್ಟಿನ್ಯಾಗ ಮತ್ತ ಡುಮ್ಕಿ ಹೊಡೀಬ್ಯಾಡ. ಹಾಂ, ಇಲ್ಲೇ ಅದಾರ. ತಗೋ.”

ಫೋನು ನನ್ನ ಕಡೆ ಚಾಚಿದಳು.

“ಹೇಳ್ರಿ ಮೇಡಮ್ಮಾರ,” ಅಂದ.

“ತಪ್ಪು ನಂದು, ಸೂರಜ.”

“ಆತ್ರಿ,” ಅಂದ, ಪ್ರಯೋಗಾಲಯದಲ್ಲಿ ನಾನು ಒಪ್ಪಿಸಿದ ಕೆಲಸಕ್ಕೆ ಹೂಂ ಅನ್ನುತ್ತಿದ್ದ ದನಿಯಲ್ಲಿ.