ಉಮ್ಸುನಾಯ್ ಆರಿಸಿದ ರೆಗ್ಯುಲೇಟರ್

ಮೂರು ತಿಂಗಳಿಂದ ಉಮ್ಸುನಾಯ್‌ಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಇಸ್ಸಿಕ್-ಕುಲ್ ಸರೋವರದಲ್ಲಿ ಮುಳುಗಿರುವ ಹಳೇ ಊರನ್ನು ಹುಡುಕುವ ತಂಡದಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ಅದು ಸಿಗಬೇಕಾದರೆ ಸ್ವಂತ ರೆಗ್ಯುಲೇಟರ್ ಸೆಟ್ ತರಬೇಕು, ಜನವರಿಯ ಚಳಿಯಲ್ಲಿ ಮುಳುಗಿ ತೋರಿಸಬೇಕು. ಸಿಲಿಂಡರಿನ ಗಾಳಿಯನ್ನು ಹದಮಾಡಿ ಬಾಯಿಗೆ ಕೊಡುವ ಆ ಹಿಡಿಯಷ್ಟು ಲೋಹದ ವಿಷಯದಲ್ಲಿ ದಡದ ಗಂಡಸರೆಲ್ಲ ಪಂಡಿತರೇ.

"ಪಿಸ್ಟನ್‌ದು ತಗೊಳೇ, ಕೆಡೋಕೆ ಅದ್ರಲ್ಲಿ ಏನೂ ಇಲ್ಲ," ಅಂದ ಅಣ್ಣ ಕಾಲಿಸ್, ಕರಿದ ಹಿಟ್ಟಿನ ಬೋರ್ಸೋಕ್ ಅಗಿಯುತ್ತ.

"ತಣ್ಣೀರು ಒಳಗೆ ಹೋಗಿ ಹೆಪ್ಪುಗಟ್ಟಿದ್ರೆ?"

"ನೀನು ಮುಳುಗೋದು ನೀರಲ್ಲೋ, ಐಸ್‌ಕ್ರೀಂ ಡಬ್ಬೀಲೋ?"

ಅವನು ಬೇಸಿಗೆಯಲ್ಲಿ ಪ್ರವಾಸಿಗರನ್ನು ಮುಳುಗಿಸುವವನು. ಚಳಿಗಾಲದಲ್ಲಿ ನೀರಿಗೆ ಕಾಲಿಟ್ಟವನೇ ಅಲ್ಲ. ಕೊನೆಗೆ ಅವಳು ಯಾರ ಮಾತೂ ಕೇಳದೆ, ಒಳಗೆ ನೀರು ಸೋಕದ ಹಾಗೆ ಮುಚ್ಚಿದ ಎರಡು ರೆಗ್ಯುಲೇಟರ್ ಕೊಂಡಳು. ಒಂದು ಕೆಟ್ಟರೆ ಅದರ ಕವಾಟ ಮುಚ್ಚಿ ಇನ್ನೊಂದರಲ್ಲಿ ಉಸಿರಾಡಬಹುದು.

ಪರೀಕ್ಷೆಯ ಬೆಳಿಗ್ಗೆ ಚಳಿ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗಿತ್ತು. ಗಂಡಸರು ಸುತ್ತ ನಿಂತು ಅವಳ ಸೆಟ್ಟಿಗೆ ಮೂಗು ಮುರಿಯುತ್ತಿದ್ದರು. ರೇಗಿಹೋಗಿ ಅವಳು ಒಂದನ್ನು ಬಾಯಿಗಿಟ್ಟು ನಾಲ್ಕು ಸಲ ಉಸಿರೆಳೆದು ಬಿಟ್ಟು ತೋರಿಸಿದಳು, ಬೇಸಿಗೆಯಲ್ಲಿ ಎಲ್ಲರೂ ಮಾಡುವ ಹಾಗೆ. ಅಷ್ಟರಲ್ಲಿ ಊರಿನ ಹಿರಿಯ ಅಬ್ದಿಲ್ದಾ ಅಜ್ಜ ಅಂಗೈ ತೆರೆದು ಹರಸಲು ನಿಂತರು. ಹಿರಿಯರು ಹರಸಿ ಮುಗಿಸದೆ ಇಲ್ಲಿ ಯಾರೂ ನೀರಿಗಿಳಿಯುವುದಿಲ್ಲ. ಅಜ್ಜ ಅವಳ ಮುತ್ತಜ್ಜಿಯಿಂದ ಶುರುಮಾಡಿ ತಂಡದ ಜೀಪಿನವರೆಗೆ ಯಾರನ್ನೂ ಬಿಡಲಿಲ್ಲ. ಗಾಳಿ ಚರ್ಮ ಸುಲಿಯುತ್ತಿತ್ತು.

ಆರು ಮೀಟರ್ ಇಳಿಯುವಷ್ಟರಲ್ಲಿ ಬಾಯಲ್ಲಿದ್ದ ಅದೇ ರೆಗ್ಯುಲೇಟರಿನಿಂದ ಗಾಳಿ ಭುಸ್ಸೆಂದು ಸುರಿಯತೊಡಗಿತು, ನಿಲ್ಲಲೇ ಇಲ್ಲ. ಅವಳು ಅದರ ಕವಾಟ ಮುಚ್ಚಿ, ಇನ್ನೊಂದನ್ನು ಬಾಯಿಗಿಟ್ಟುಕೊಂಡು ಮೆಲ್ಲಗೆ ಮೇಲೆ ಬಂದಳು.

"ನಾನು ಬಡ್ಕೊಂಡೆ, ಪಿಸ್ಟನ್ ತಗೋ ಅಂತ!" ಕಾಲಿಸ್‌ನ ಮುಖ ಹಬ್ಬದಂತಿತ್ತು.

ತಂಡದ ನಾಯಕ ಸತಾರ್ ಅವಳ ಭುಜಕ್ಕೆ ಕಂಬಳಿ ಹೊದಿಸಿದರು. "ಸೆಟ್ ಕೈ ಕೊಟ್ರೆ ನೀನೇನಮ್ಮ ಮಾಡ್ತೀಯ? ಗಾಬರಿ ಬೀಳ್ದೆ ಬಂದ್ಯಲ್ಲ, ಅದು ದೊಡ್ಡದು. ನಮ್ಮದೊಂದು ಕೊಡ್ತೀನಿ, ಸೋಮವಾರದಿಂದ ಬಾ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಮೂರು ತಿಂಗಳು ನಿದ್ದೆಗೆಟ್ಟು ಆರಿಸಿದ ವಸ್ತುವಿನ ಮೇಲೆ ಗೂಬೆ ಕೂರಿಸಲು ಅವಳಿಗೆ ಮನಸ್ಸು ಬರಲಿಲ್ಲ.

"ಸೆಟ್ ಸರಿಯಾಗೇ ಇದೆ ಸರ್. ನಾನೇ ದಡದ ಮೇಲೆ ಅದ್ರಲ್ಲಿ ಉಸಿರಾಡ್ಬಿಟ್ಟೆ. ಉಸಿರಿನ ಪಸೆ ಒಳಗೆ ಹೆಪ್ಪುಗಟ್ಕೊಂಡಿದೆ."

ಮಂಜು ಬೀಳುವ ಕಾಲದಲ್ಲಿ ನೀರಿಗಿಳಿಯುವ ಮೊದಲು ರೆಗ್ಯುಲೇಟರನ್ನು ಬಾಯಿಗಿಡಬಾರದು ಎಂಬುದು ಚಳಿಗಾಲದ ಮುಳುಗುಗಾರರ ಮೊದಲ ಪಾಠ.

"ತಪ್ಪು ಸೆಟ್ಟಿಂದಾಗಿದ್ರೆ ಬದಲಾಯಿಸ್ಬಹುದಿತ್ತು," ಅಂದರು ಸತಾರ್. "ಈ ವರ್ಷ ಬೇಡಮ್ಮ."

ಉಮ್ಸುನಾಯ್ ಕಾರಿನಲ್ಲಿ ಕೂತು ಸೆಟ್ಟನ್ನು ಮಡಿಲಲ್ಲಿಟ್ಟುಕೊಂಡಳು. ಹೊರಗೆ ಗಂಡಸರು ಇವಳು ಮುಂದೆ ಯಾವುದು ಕೊಳ್ಳಬೇಕೆಂದು ಆಗಲೇ ಜಗಳ ಹಚ್ಚಿಕೊಂಡಿದ್ದರು. ಅವಳು ಕಿಟಕಿಯ ಗಾಜು ಏರಿಸಿ, ಬಿಕ್ಕಿ ಬಿಕ್ಕಿ ಅತ್ತಳು.