ಬಾಡಿಗೆದಾರನ ನಂತರ

ಮೆಟ್ಟಿಲ ತಿರುವಿನಲ್ಲಿ ಹೆಣವನ್ನು ಓರೆ ಮಾಡಿ ಇಳಿಸುವಾಗ ಕಾಲಿನ ಕಡೆ ಹೆಗಲು ಕೊಟ್ಟವರು ಮನೆ ಮಾಲೀಕರು. ಮನೆ ಬಿಡು ಎಂದು ಸತ್ತವನಿಗೆ ಮೂರು ಸಲ ನೋಟಿಸು ಕೊಟ್ಟವರೂ ಅವರೇ. ಅಂತೂ ಇವತ್ತು ಹೊರಗೆ ಹಾಕಿದರು ಎಂದು ಯಾರೋ ಪಿಸುಗುಟ್ಟಿದರು.

ಹೋದವನು ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ. ಮಹಡಿಯ ಎರಡು ಕೋಣೆಗಳಲ್ಲಿ ಮೂವತ್ತೆಂಟು ವರ್ಷ ಬಾಡಿಗೆಗಿದ್ದ. ಬಾಯಿ ಬಿಟ್ಟರೆ ಬಾಡಿಗೆ ಕಾನೂನು ಹೇಳುತ್ತಿದ್ದುದರಿಂದ ಓಣಿಗೆಲ್ಲ 'ಸೆಕ್ಷನ್ ಮಾಮ'. ಈಗ ಆ ಕಾನೂನಿಗೇ ತಿದ್ದುಪಡಿ ಬರುವುದರಲ್ಲಿತ್ತು. ಬಾಡಿಗೆದಾರ ಸತ್ತ ಮೂರು ತಿಂಗಳೊಳಗೆ ಅವನ ಮನೆಯವರು ಜಾಗ ಬಿಡಬೇಕು. ಮಾಮನ ಹೆಂಡತಿಗೆ ಹೋಗಲು ಬೇರೆ ಸೂರಿರಲಿಲ್ಲ.

ಮಣ್ಣು ಮಾಡಿ ಬಂದವರ ಬಾಯಲ್ಲೂ ಅದೇ ಮಾತು. ಕಾನೂನು ಇನ್ನೂ ಪಾಸಾಗಿಲ್ಲ, ಅಕ್ಕನನ್ನು ಯಾರೂ ಅಲ್ಲಾಡಿಸುವ ಹಾಗಿಲ್ಲ ಎಂದು ಅವಳ ತಮ್ಮ ವಾದಿಸಿದ. ಮಾಲೀಕರ ಮಗಳೂ ಈ ಮಹಡಿಗೆ ಎಷ್ಟು ವರ್ಷದಿಂದ ಕಾದಿದ್ದಾಳೆ, ಅದೂ ನ್ಯಾಯವಲ್ಲವೇ ಎಂದರು ಎದುರುಮನೆಯ ಟೀಚರು. ಮೂರು ದಿನದಿಂದ ಕಣ್ಣು ಮುಚ್ಚದ ಹೆಂಡತಿಗೆ ಎಲ್ಲವೂ ದೂರದ ರೇಡಿಯೋದಂತೆ ಕೇಳಿಸುತ್ತಿತ್ತು. ಕಿಟಕಿಯ ಬಿಸಿಲು ಇಡೀ ಕೋಣೆಯನ್ನು ಮೆಲ್ಲಗೆ ತೇಲಿಸಿಕೊಂಡು ಹೋಗುತ್ತಿದೆ ಅನ್ನಿಸಿತು.

*

ಎಷ್ಟೋ ಭಾನುವಾರಗಳು ಅದೇ ಬಿಸಿಲಲ್ಲಿ ಕಳೆದಿದ್ದವು. ಮೇಲಿನ ಮೆಟ್ಟಿಲಲ್ಲಿ ಗಂಡ, ಕೆಳಗಿನದರಲ್ಲಿ ಮಾಲೀಕರು, ನಡುವೆ ಒಂದೇ ಪತ್ರಿಕೆ.

"ನನ್ನ ಮನೇಲಿ ನನಗೇ ಜಾಗ ಇಲ್ಲ ಅಂದ್ರೆ ಹೇಗಯ್ಯಾ?"

"ಇಷ್ಟು ವರ್ಷ ಬಾಳಿದ್ಮೇಲೂ ಇದು ಬರೀ ನಿಮ್ಮ ಮನೇನಾ?"

ಜಗಳ ತಾರಕಕ್ಕೇರಿ, ಚಹಾ ಬಂದರೆ ತಣ್ಣಗಾಗುತ್ತಿತ್ತು. ಮಾಲೀಕರ ಕಾನೂನು ಪುಸ್ತಕದ ಹಾಳೆಗಳು ಕಿತ್ತುಬಂದಾಗ ರಟ್ಟು ಕಟ್ಟಿಕೊಟ್ಟವನೂ ಇವನೇ. ತನ್ನ ಮೇಲೆ ಕೇಸು ಹಾಕಲು ಪುಸ್ತಕ ಗಟ್ಟಿಯಾಗಿರಲಿ ಎಂದು ನಕ್ಕಿದ್ದ. 

*

ಅವಳ ತಮ್ಮ ಭಾವನ ಫೋಟೋ ಹಿಡಿದು ಗೋಡೆಗಳನ್ನೆಲ್ಲ ಹುಡುಕಿದ. ಒಂದು ಮೊಳೆಯೂ ಇರಲಿಲ್ಲ. ಹೊಡೆಯಬಾರದು ಅಂತ ಕರಾರಿನಲ್ಲಿತ್ತು, ಅವರು ಒಂದನ್ನೂ ಹೊಡೆಯಲಿಲ್ಲ ಎಂದಳು ಅವಳು.

ಬಾಗಿಲಲ್ಲಿ ನಿಂತಿದ್ದ ಮಾಲೀಕರು ಕೆಳಗಿಳಿದು ಹೋದರು. ಮರಳಿ ಬಂದಾಗ ಕೈಯಲ್ಲಿ ಸುತ್ತಿಗೆ, ಮೊಳೆಗಳಿದ್ದವು. ಎಲ್ಲಿ ಎಂದು ಕೇಳಿದರು. ಅವಳು ಕಿಟಕಿಯ ಎದುರಿನ ಗೋಡೆ ತೋರಿಸಿದಳು. ಫೋಟೋ ಏರಿತು.

"ಪಕ್ಕದಲ್ಲಿ ಇನ್ನೊಂದು ಹೊಡೀರಿ."

"ಅದ್ಯಾಕಮ್ಮ?"

"ನನ್ನ ಫೋಟೋಗೆ. ಆ ದಿನ ಬಂದಾಗ ನನ್ನ ತಮ್ಮ ಮೊಳೆ ಹುಡುಕಾಡೋದು ಬೇಡ."

ಚರ್ಚೆ ಅಲ್ಲೇ ನಿಂತಿತು.  ಮಾಲೀಕರು ಫೋಟೋದಿಂದ ಒಂದು ಗೇಣು ಅಳೆದು, ಎರಡನೇ ಮೊಳೆ ಹೊಡೆದು, ಅಲ್ಲಾಡುತ್ತದೆಯೇ ಎಂದು ಬೆರಳಿನಿಂದ ಎಳೆದು ನೋಡಿದರು.