ಒಂದು ವಾರದ ಕಿವಿ

‘ಸಂಗೀತ’ ಎಂದು ಫೋನು ಬರೆಯಿತು.

ಗಿರಣಿಯವನು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಮತ್ತೊಮ್ಮೆ ಓದಿದ. ಹಿಟ್ಟಿನ ಕಲ್ಲು ತಿರುಗುತ್ತಿರುವುದು, ಬೆಲ್ಟು ಬಡಿಯುತ್ತಿರುವುದು ಅವನಿಗೆ ಅಂಗಾಲಿನಿಂದ ಗೊತ್ತಾಗುತ್ತಿತ್ತು. ವರ್ಷಗಟ್ಟಲೆ ಅವನ ಎರಡೂ ಕಿವಿಗಳನ್ನು ನುಣ್ಣಗೆ ಬೀಸಿ ಹಾಕಿದ್ದು ಇದೇ ಸದ್ದು. ಅದಕ್ಕೆ ಈ ಗಾಜಿನ ತುಂಡು ಸಂಗೀತ ಎನ್ನುತ್ತಿತ್ತು.

“ಇದಕ್ಕೂ ನನ್ನ ಹಾಗೇ ಕಿವಿ ಹೋಗಿದೆ ಕಣಯ್ಯಾ,” ಎಂದು ಅವನು ಅಳಿಯನಿಗೆ ಹೇಳಿದ. ತನ್ನ ದನಿ ತನಗೇ ಕೇಳಿಸದವರು ಮಾತಾಡುವ ಹಾಗೆ, ಬೀದಿಯ ಆ ತುದಿಗೂ ತಲುಪುವಷ್ಟು ಜೋರಾಗಿ ಹೇಳಿದ.

ಅಳಿಯ ನಗುತ್ತ ಹೋಗಿ ಮೋಟಾರು ನಿಲ್ಲಿಸಿದ. ನೆಲದ ನಡುಕ ನಿಧಾನವಾಗಿ ಇಳಿಯಿತು. ಆಮೇಲೆ ಗಾಜಿನ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಬಂದು ನಿಂತವು. ‘ಈಗ ನೋಡಿ ಮಾವ. ನಾನು ಆಡಿದ್ದೆಲ್ಲ ಬರುತ್ತೆ. ಕಂಪನಿಯೋರ ಅತಿ ದುಬಾರಿ ಫೋನು ಇದು. ನಮ್ಮ ಅಂಗಡಿಗೆ ನೋಡೋಕೆ ಅಂತ ಕಳ್ಸಿದಾರೆ. ಒಂದು ವಾರ ದಿನಬಳಕೆ ಮಾಡಿ. ಕ್ಯಾಮೆರಾ ಹೆಂಗೆ, ಚಾರ್ಜು ಎಷ್ಟು ಹೊತ್ತು ನಿಲ್ಲುತ್ತೆ, ಇದು ಬರೆಯೋದು ಸರಿ ಇದೆಯಾ, ಎಲ್ಲ ನೋಡಿ. ಮುಂದಿನ ಭಾನುವಾರ ಬಂದು ಕೇಳ್ತೀನಿ. ಹಿಡಿಸಿದ್ರೆ ಇಟ್ಕೊಳ್ಳಿ.’

ಗಿರಣಿಯವನು ಓದಿ ಮುಗಿಸಿ ತಲೆ ಎತ್ತಲಿಲ್ಲ. ಮಗಳ ಮದುವೆಯಾಗಿ ಇಷ್ಟು ವರ್ಷವಾದರೂ ಅಳಿಯ ಇಷ್ಟುದ್ದ ಆಡಿದ ಮಾತು ಅವನಿಗೆ ಸಿಕ್ಕಿದ್ದು ಅದೇ ಮೊದಲು.

ಗಿರಣಿಗೆ ಬರುವವರಿಗೆಲ್ಲ ಅವನ ಸಂಗಡ ಕೈಭಾಷೆ ರೂಢಿಯಾಗಿತ್ತು. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರೆ ನುಣ್ಣಗೆ ಬೀಸಬೇಕು. ಮುಷ್ಟಿ ಕಟ್ಟಿ ಬಿಚ್ಚಿದರೆ ತರಿ. ಎರಡು ಬೆರಳು ನಡೆದು ತೋರಿಸಿದರೆ ಆಮೇಲೆ ಬಂದು ಒಯ್ಯುತ್ತಾರೆ. ಅಷ್ಟರಲ್ಲೇ ವ್ಯವಹಾರ ಮುಗಿಯುತ್ತಿತ್ತು. ಬಾಕಿ ಮಾತನ್ನು ಅವರವರಲ್ಲೇ ಆಡಿಕೊಳ್ಳುತ್ತಿದ್ದರು, ಅವನು ಪಕ್ಕದಲ್ಲಿನ ಕಂಬವೇನೋ ಎಂಬಂತೆ.

ಮರುದಿನ ದರ್ಜಿ ಗೋಧಿ ತಂದ. ಬೀಸಿ ಮುಗಿದು ಮೋಟಾರು ನಿಂತಾಗ, ಹಿಂದೆ ನಿಂತಿದ್ದ ಹೆಂಗಸಿನ ಕಡೆ ತಿರುಗಿ ಏನೋ ಅಂದ. ತಕ್ಕಡಿಯ ಪಕ್ಕ ಒರಗಿಸಿಟ್ಟಿದ್ದ ಫೋನು ಬರೆದುಕೊಟ್ಟಿತು: ‘ಈ ಕಿವುಡಪ್ಪ ತೂಗೋವಾಗ ಬುಟ್ಟೀಲಿ ಒಂದು ಹಿಡಿ ಉಳಿಸ್ಕೋತಾನೆ ನೋಡು.’

“ಹಿಡಿ ಅಲ್ಲಪ್ಪ, ಕಲ್ಲಿಗೆ ಅಂಟಿದ್ದು,” ಎಂದ ಗಿರಣಿಯವನು. “ನಿನ್ನ ಹತ್ರ ಬಟ್ಟೆ ಕೊಟ್ರೆ ತುಂಡು ಉಳಿಯಲ್ವಾ, ಹಂಗೇ ಇದೂ.”

ದರ್ಜಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಹೆಂಗಸು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸಂಜೆಯೊಳಗೆ ಸುದ್ದಿ ಬೀದಿಯೆಲ್ಲ ಹರಡಿ, ಮಾರನೆಯ ದಿನದಿಂದ ಗಿರಣಿಗೆ ಬಂದವರೆಲ್ಲ ಒಳ್ಳೆಯ ಮಾತನ್ನೇ ಆಡತೊಡಗಿದರು.

ಫೋನಿನಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಕೆಲಸದ ಹೊತ್ತಿನಲ್ಲಿ ಅದು ಅವನನ್ನು ಗುರುತಿಸುತ್ತಲೇ ಇರಲಿಲ್ಲ. ಹುಬ್ಬು, ಮೀಸೆ, ರೆಪ್ಪೆ ಎಲ್ಲ ಹಿಟ್ಟಾಗಿ ಬಿಳಿಚಿಕೊಂಡ ಮುಖವನ್ನು ತೋರಿಸಿದರೆ ಮತ್ತೆ ಪ್ರಯತ್ನಿಸಿ ಎನ್ನುತ್ತಿತ್ತು. ಟವೆಲಿನಿಂದ ಮುಖ ಒರೆಸಿಕೊಂಡು ಬಂದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. “ಮನೆ ಯಜಮಾನಿ ಹಂಗೇ ಇದು, ಮುಖ ತೊಳೀದೆ ಒಳಗೆ ಬಿಡಲ್ಲ,” ಎಂದು ಅವನು ಬಂದವರಿಗೆಲ್ಲ ಹೇಳಿದ. ಚಾರ್ಜು ಚೆನ್ನಾಗಿ ನಿಲ್ಲುತ್ತಿತ್ತು. ಕ್ಯಾಮೆರಾದಲ್ಲಿ ಕಿಟಕಿಯ ಬಿಸಿಲಿಗೆ ತೇಲುವ ಹಿಟ್ಟಿನ ಕಣಗಳೂ ಒಂದೊಂದಾಗಿ ಬರುತ್ತಿದ್ದವು.

ಆದರೆ ಅವನು ಕಾದಿದ್ದುದು ಸಂಜೆಗೆ.

ಸಂಜೆ ಗಿರಣಿಯಿಂದ ಮನೆಗೆ ಬಂದು ಕೈಕಾಲು ತೊಳೆದರೆ, ಅವನು ಹಜಾರದ ಗೋಡೆಗೆ ಒರಗಿ ಕೂರುತ್ತಿದ್ದ. ಹೆಂಡತಿ ಎದುರಿಗೆ ಮೊರ ಇಟ್ಟುಕೊಂಡು ನಾಳೆಯ ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದಳು. ಆರಿಸುವಷ್ಟು ಹೊತ್ತೂ ಅವಳ ತುಟಿ ಆಡುತ್ತಲೇ ಇರುತ್ತಿತ್ತು. ಕತ್ತು ಬಗ್ಗಿಸಿ ಆಡುವ ಆ ಮಾತು ತುಟಿ ನೋಡಿ ತಿಳಿಯುವಂಥದ್ದಲ್ಲ. ಅವಳು ಕಣ್ಣೆತ್ತಿದಾಗೊಮ್ಮೆ ಅವನು ತಲೆಯಾಡಿಸುತ್ತಿದ್ದ. ನೆರೆಹೊರೆಯ ಸುದ್ದಿ ಇರಬೇಕು ಎಂದುಕೊಂಡಿದ್ದ. ಎಷ್ಟೋ ವರ್ಷದ ಮಾತು ಹಾಗೆ ಅವನ ಮುಂದೆಯೇ ಹರಿದುಹೋಗಿತ್ತು.

ದರ್ಜಿ ಬಂದುಹೋದ ದಿನದ ಸಂಜೆ ಅವನು ಫೋನನ್ನು ಮಡಚಿದ ಟವೆಲಿನ ಒಳಗಿಟ್ಟು, ತೊಡೆಯ ಮೇಲೆ ಇರಿಸಿಕೊಂಡು ಕೂತ. ಗಿರಣಿ ಬೀದಿಯ ಸುದ್ದಿ ಮನೆಗೆ ಇನ್ನೂ ಮುಟ್ಟಿರಲಿಲ್ಲ. ಅವಳಿಗೆ ಹೇಳಬಾರದೆಂದೇನೂ ಇರಲಿಲ್ಲ. ಒಂದು ಸಲ ನೋಡಿ, ಮಧ್ಯದಲ್ಲಿ ತಟ್ಟನೆ ಉತ್ತರ ಕೊಟ್ಟು, ದರ್ಜಿಯ ಹಾಗೆ ಅವಳನ್ನೂ ಬೆಚ್ಚಿಸಬೇಕೆಂಬ ಆಸೆ.

ಅಕ್ಷರಗಳು ಬಂದವು.

‘ಈವತ್ತೂ ಹಿತ್ತಲ ಮೆಟ್ಟಿಲು ಇಳಿಯೋವಾಗ ಮೊಣಕಾಲು ಹಿಡ್ಕೊಂಡ್ತು. ಅಲ್ಲೇ ಕೂತೆ. ಬಕೆಟ್ಟು ಉರುಳಿ ಹೋಯ್ತು. ಯಾರೂ ನೋಡ್ಲಿಲ್ಲ, ಪುಣ್ಯ. ಮಗಳಿಗೆ ಹೇಳಿದ್ರೆ ಅವಳ ಮನೆಗೆ ಬಾ ಅಂತಾಳೆ. ನಿಮಗೆ ಹೇಳಿದ್ರೆ ಎದ್ದು ಊರೆಲ್ಲ ರಂಪ ಮಾಡ್ತೀರಿ.’

ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು.

‘ಗೋಡೆಗೆ ಹೇಳ್ಕೊಂಡ ಹಾಗೆ ನನ್ನ ಬಾಳು. ಗೋಡೆನೂ ಅಲ್ಲ. ಗೋಡೆ ತಲೆ ಆಡಿಸಲ್ಲ.’

ಅವನಿಗೆ ನಗು ಬಂತು. ತಟ್ಟನೆ ಬಾಯಿ ಹಾಕಲು ಇದೇ ಸಮಯ. ಅಷ್ಟರಲ್ಲಿ ಮತ್ತೊಂದು ಸಾಲು ಬಂತು.

‘ನಿಮಗೆ ಕಿವಿ ಇದ್ದಾಗ ನಾನೇನು ಮಾತಾಡ್ದೆ ಹೇಳಿ. ಒಂದು ಅಂದ್ರೆ ನಿಮ್ದು ಹತ್ತು ರೆಡಿ ಇರ್ತಿತ್ತು. ಬಾಯಿ ಮುಚ್ಕೊಂಡೇ ಮಗಳ್ನ ದೊಡ್ಡವಳು ಮಾಡಿದೆ. ಕಿವಿ ಹೋದ್ಮೇಲೆ ತಾನೇ ಹೊಟ್ಟೇಲಿರೋದು ಆಚೆ ಬಂದಿದ್ದು. ಪಾಪ ಅನ್ಸುತ್ತೆ. ಆದ್ರೂ ಹೇಳ್ತೀನಿ, ಈಗ್ಲೇ ನೀವು ಚೆನ್ನಾಗಿದೀರಿ.’

ಅವಳು ಕಣ್ಣೆತ್ತಿದಳು. ಅವನು ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಅವಳು ಏಳುವುದರೊಳಗೆ ಅಡುಗೆಮನೆಯ ಕೊಡಗಳಲ್ಲಿ ಹಿತ್ತಲ ನೀರು ತುಂಬಿತ್ತು. ಅದರ ಮರುದಿನವೂ ತುಂಬಿತ್ತು. ಮಧ್ಯಾಹ್ನ ಗಿರಣಿಗೆ ಬೀಗ ಹಾಕಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ಕೊಳವೆಯನ್ನು ಹೆಗಲ ಮೇಲೆ ಹೊತ್ತು ತಂದು, ಹಿತ್ತಲ ಮೆಟ್ಟಿಲ ಪಕ್ಕ ಗುಂಡಿ ತೋಡಿದ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಇದೇನು ಎಂದು ಕೈ ತಿರುವಿದಳು.

“ಹಿಡ್ಕೊಳ್ಳೋಕೆ,” ಎಂದ. “ಜಾರುತ್ತೆ ಅಂತ.”

ಅವಳು ಕೊಳವೆಯನ್ನು ನೋಡಿದಳು, ಅವನನ್ನು ನೋಡಿದಳು. ಮೆಟ್ಟಿಲ ಮೇಲೆ ಬಿಚ್ಚಿಟ್ಟಿದ್ದ ಅಂಗಿಯ ಮೇಲೆ ಫೋನು ಬೆಳಗಿಕೊಂಡೇ ಇತ್ತು. ಬಗ್ಗಿ ಕೈಗೆತ್ತಿಕೊಂಡಳು. ಅವನು ಹಾರೆ ಬಿಟ್ಟು ಎದ್ದು ಬರುವುದರೊಳಗೆ ಅವಳ ಬೆರಳು ಗಾಜನ್ನು ಕೆಳಕ್ಕೆ, ಇನ್ನೂ ಕೆಳಕ್ಕೆ ಎಳೆದಿತ್ತು. ಓದುತ್ತ ಅವಳ ತುಟಿಗಳು ಆಡಿದವು. ಆಡಿದ್ದ ಮಾತನ್ನೇ ಮತ್ತೆ ಆಡುತ್ತಿದ್ದಳು. ಆಮೇಲೆ ತುಟಿ ನಿಂತಿತು.

ಒಳಗೆ ಹೋಗಿ, ತಟ್ಟೆಯಲ್ಲಿ ಹರವಿದ್ದ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ಅವನ ಮುಂದೆ ಹಿಡಿದಳು. ‘ಯಾವತ್ತಿಂದ?’

“ನೀನು ಮೊಣಕಾಲಿನ ಮಾತಾಡಿದ ಸಂಜೆಯಿಂದ,” ಎಂದ ಅವನು. ಸಣ್ಣ ದನಿಯಲ್ಲಿ ಹೇಳಬೇಕೆಂದುಕೊಂಡಿದ್ದ. ಎಷ್ಟು ಸಣ್ಣದಾಗಿ ಬಂತೋ ಅವನಿಗೆ ತಿಳಿಯಲಿಲ್ಲ. ಅವಳು ತಟ್ಟೆಯನ್ನು ಒಮ್ಮೆ ಅಲುಗಿಸಿದಳು. ಅಕ್ಷರ ಅಳಿದು ಹಿಟ್ಟು ಸಮವಾಯಿತು.

ಆ ಸಂಜೆ ಅವಳು ಮೊರವನ್ನು ಅಡುಗೆಮನೆಗೆ ಒಯ್ದು ಕಲ್ಲು ಆರಿಸಿದಳು. ಮರುದಿನವೂ ಅಲ್ಲೇ. ಜಗಳವಾಡಲಿಲ್ಲ. ಊಟ ಬಡಿಸಿದಳು, ಟವೆಲು ಒಗೆದಳು, ಬೇಕು ಬೇಡಗಳನ್ನು ಕೈಯಲ್ಲೇ ತೋರಿಸಿದಳು. ಬಾಗಿಲ ಸಂದಿಯಿಂದ ಅವಳ ಮುಖ ಕಾಣುತ್ತಿತ್ತು. ತುಟಿ ಹೊಲಿದಂತಿತ್ತು. ಅವನು ಹಜಾರದಲ್ಲಿ ಫೋನನ್ನು ಎದುರಿಗಿಟ್ಟುಕೊಂಡು ಕೂತ. ‘ನೀರು ಬೀಳುವ ಸದ್ದು’ ಎಂದು ಅದು ಬರೆಯಿತು. ಬಹಳ ಹೊತ್ತಿನ ಮೇಲೆ ‘ನಾಯಿ’ ಎಂದಿತು. ಆಮೇಲೆ ಏನನ್ನೂ ಬರೆಯಲಿಲ್ಲ. ಕಿವಿ ಹೋದ ದಿನಗಳಲ್ಲೂ ಮನೆ ಇಷ್ಟು ಮೌನವಾಗಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ.

ಭಾನುವಾರ ಅಳಿಯ ಬಂದ. ಕಾಫಿ ಲೋಟ ಹಿಡಿದು ಹಜಾರದಲ್ಲಿ ಕೂತು ಕೇಳಿದ. ‘ಹೆಂಗಿದೆ ಮಾವ? ಕ್ಯಾಮೆರಾ?’

“ಕ್ಯಾಮೆರಾ ಚೆನ್ನಾಗಿದೆ.”

‘ಚಾರ್ಜು?’

“ನಿಲ್ಲುತ್ತೆ. ಹಿಟ್ಟು ಮೆತ್ತಿದ್ರೆ ಮುಖ ಗುರುತು ಹಿಡಿಯಲ್ಲ, ಅದೊಂದು ಹೇಳು ಅವರಿಗೆ.”

‘ಬರೆಯೋದು? ತಪ್ಪು ಬರೆಯುತ್ತಾ?’

ಗಿರಣಿಯವನು ಅಡುಗೆಮನೆಯ ಬಾಗಿಲ ಕಡೆ ನೋಡಿದ. ಹೆಂಡತಿ ಅಲ್ಲಿ ನಿಂತಿದ್ದಳು.

“ತಪ್ಪೇನೂ ಬರೆಯಲ್ಲ,” ಎಂದ. “ಯಂತ್ರದಲ್ಲಿ ಒಂದೂ ಲೋಪ ಇಲ್ಲ. ತಗೊಂಡು ಹೋಗಪ್ಪ. ನಮಗೆ ಬೇಡ.”

ಅಳಿಯ ಅತ್ತೆಯ ಮುಖ ನೋಡಿದ. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಈಚೆ ಬಂದಳು. ಗಾಜಿನ ಮೇಲೆ ಅವಳ ಮಾತು ಮೂಡಿದ್ದನ್ನು ಗಿರಣಿಯವನು ಓದಿದ.

‘ಇರ್ಲಿ ಬಿಡು. ಆ ದರ್ಜಿ ಈಗ ನಾಲಿಗೆ ಬಿಗಿ ಹಿಡ್ಕೊಂಡು ಮಾತಾಡ್ತಾನಂತೆ. ಗಿರಣೀಲಿ ಬೇಕಾಗುತ್ತೆ.’

ಅಷ್ಟು ಹೇಳಿ, ಗಿರಣಿಯಲ್ಲಿ ಎಂಬುದನ್ನು ಗಂಡನಿಗೆ ಕೈಯಲ್ಲೂ ತೋರಿಸಿದಳು. ಬೆರಳು ಸುತ್ತ ತಿರುಗಿಸಿ, ಕಲ್ಲು ತಿರುಗುವ ಹಾಗೆ. ಆಮೇಲೆ ಅದೇ ಬೆರಳನ್ನು ಮನೆಯ ನೆಲದ ಕಡೆ ಚಾಚಿ, ಇಲ್ಲಿ ಬೇಡ ಎಂಬಂತೆ ಆಡಿಸಿದಳು.

ಸೋಮವಾರ ಸಂಜೆ ಗಿರಣಿಯವನು ಫೋನನ್ನು ತಕ್ಕಡಿಯ ತಟ್ಟೆಯಲ್ಲಿಟ್ಟು, ಮೇಲೆ ಗೋಣಿಚೀಲ ಮುಚ್ಚಿ, ಬೀಗ ಹಾಕಿದ. ಮನೆಗೆ ಬಂದು ಕೈಕಾಲು ತೊಳೆದ. ಟವೆಲನ್ನು ಹೆಗಲ ಮೇಲೆ ಹರಡಿಕೊಂಡು ಗೋಡೆಗೆ ಒರಗಿ ಕೂತು, ಎರಡು ಅಂಗೈಯನ್ನೂ ಮೇಲ್ಮುಖ ಮಾಡಿ ಮಂಡಿಯ ಮೇಲೆ ಇಟ್ಟುಕೊಂಡ.

ಹಿತ್ತಲಿಂದ ಹೆಂಡತಿ ಬರುತ್ತಿದ್ದಳು. ಕಬ್ಬಿಣದ ಕೊಳವೆಯ ಮೇಲೆ ಅವಳ ಕೈ ಒಂದೊಂದೇ ಮೆಟ್ಟಿಲಿಗೆ ಮೇಲಕ್ಕೆ ಸರಿಯಿತು. ಒಳಗೆ ಬಂದು ಅವನ ಅಂಗೈ ನೋಡಿದಳು. ಅಂಗಿಯ ಜೇಬು ನೋಡಿದಳು. ಅಡುಗೆಮನೆಗೆ ಹೋದವಳು ಮೊರದೊಂದಿಗೆ ಹೊರಬಂದು ಅವನ ಎದುರಿಗೆ ಕೂತಳು.

ಬಹಳ ಹೊತ್ತು ಕಾಳು ಸರಿಸುತ್ತಿದ್ದಳು. ಆಮೇಲೆ ತುಟಿ ಆಡಿತು. ಎರಡೇ ಎರಡು ಮಾತು ಇರಬೇಕು. ನಿಲ್ಲಿಸಿ, ಕಣ್ಣೆತ್ತಿ, ಅವನ ಮುಖವನ್ನೇ ನೋಡುತ್ತ ಕಾದಳು.

ಗಿರಣಿಯವನು ತಲೆಯಾಡಿಸಿದ.

ಅವಳು ಫಕ್ಕನೆ ನಕ್ಕಳು. ನಗುವಿಗೆ ಮೊರದ ಕಾಳು ಅಲುಗಿ ಒಂದು ಬದಿಗೆ ಸರಿದವು. ಅವನ್ನು ಅಂಗೈಯಿಂದ ಮತ್ತೆ ಹರಡಿ, ಕತ್ತು ಬಗ್ಗಿಸಿ, ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿ, ಅವಳು ಮಾತು ಮುಂದುವರಿಸಿದಳು.